ಮೌಲ್ಯಕ್ಕೆ ‘ಬಿ’ ಬಂದರೆ ಏನು ಕೇಳಬೇಕು?

ಶಿವಮೊಗ್ಗದ ತಾಯಿಯೊಬ್ಬರು ಬರೆದಿದ್ದಾರೆ: ‘ಮಗಳು ಸಿಸ್ಟರ್‌ಗಳು ನಡೆಸುವ ಹೆಣ್ಣುಮಕ್ಕಳ ಶಾಲೆಯಲ್ಲಿ 8ನೇ ಕ್ಲಾಸು. ಗಣಿತಕ್ಕೆ ‘ಎ+’, ಮೌಲ್ಯಗಳಿಗೆ ‘ಬಿ’. ಯಾವ ಮೌಲ್ಯ ಕಡಿಮೆಯಾಯಿತೋ ಯಾರೂ ಹೇಳುತ್ತಿಲ್ಲ. ನಾವು ಕ್ರೈಸ್ತರಲ್ಲ, ಅದಕ್ಕೇನಾದರೂ ಹೀಗಾಯಿತಾ?’

ಆ ಅನುಮಾನ ಬಿಡಿ. ಕ್ಯಾಥೊಲಿಕ್ ಶಾಲೆಗಳಲ್ಲಿ ಸಾಮಾನ್ಯವಾಗಿ ಕ್ಯಾಥೊಲಿಕ್ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ಮಾರಲ್ ಸೈನ್ಸ್, ಅಂದರೆ ನೀತಿಪಾಠ. ಸರ್ಕಾರದ ಮಾನ್ಯತೆ ಪಡೆದ ಶಾಲೆ ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಧಾರ್ಮಿಕ ಪಾಠಕ್ಕೆ ಕೂರಿಸುವಂತಿಲ್ಲ, ಸಂವಿಧಾನದ 28ನೇ ವಿಧಿಯಲ್ಲೇ ಇದೆ.

ನನಗೆ ಚಿಂತೆ ಬೇರೆ. ಕಾರ್ಡ್ ಬರೆಯುವ ಹೊತ್ತಿಗೆ ಟೀಚರ್ ಮುಂದೆ ಐವತ್ತು ಹುಡುಗಿಯರು. ತೆಪ್ಪಗೆ ಕೂತವಳಿಗೆ ‘ಎ’, ಎದ್ದು ಪ್ರಶ್ನೆ ಕೇಳಿದವಳಿಗೆ ‘ಬಿ’ ಬಿದ್ದುಬಿಡಬಹುದು.

ನಾನು ಓದಿದ್ದೂ ಮಲೆನಾಡಿನ ಒಂದು ಕಾನ್ವೆಂಟ್‌ನಲ್ಲೇ. ಜೂನ್ ಬಂತೆಂದರೆ ವರಾಂಡದ ತುಂಬ ಕೊಡೆ. ಎಲ್ಲವೂ ಕಪ್ಪು. ದಿನಾ ಅದಲು ಬದಲು, ದಿನಾ ಜಗಳ. ಒಬ್ಬ ಸಿಸ್ಟರ್ ಹಳೇ ಕೊಡೆಗಳ ಕಡ್ಡಿ ರಿಪೇರಿ ಮಾಡಿಸಿ, ಆಫೀಸಿನ ಬಾಗಿಲ ಪಕ್ಕ ತಗಡಿನ ಡ್ರಮ್ಮಿನಲ್ಲಿ 12 ಕೊಡೆ ಇಟ್ಟರು. ಬೇಕಾದವರು ಒಯ್ದು ತಂದಿಡಬೇಕು. ಹೆಸರು ಬರೆಸೋದಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ಡ್ರಮ್ಮಿನಲ್ಲಿ ಉಳಿದದ್ದು 4!

ಸಿಸ್ಟರ್ ನಮ್ಮನ್ನು ಬೈಯಲಿಲ್ಲ. ಟೀಚರುಗಳನ್ನು ಕರೆದು ಟೈಮ್‌ಟೇಬಲ್ ತೆರೆಸಿ ನೋಡಿದರಂತೆ. ಮಳೆ ರಜೆಯಲ್ಲಿ ಹೋದ ಪಾಠ ಮುಗಿಸಲು ಮಾರಲ್ ಸೈನ್ಸ್ ಪೀರಿಯಡ್ಡನ್ನೆಲ್ಲ ಗಣಿತ ನುಂಗಿತ್ತು. ಪುಸ್ತಕದಲ್ಲಿ ಪಾಠ ಇತ್ತು, ಪರೀಕ್ಷೆಯೂ ಆಯ್ತು, ಕ್ಲಾಸ್ ಮಾತ್ರ ನಡೆದಿರಲಿಲ್ಲ. ಪೀರಿಯಡ್ ವಾಪಸ್ ಬಂತು. ಮುಂದಿನ ಮಳೆಗಾಲಕ್ಕೆ ಮತ್ತೆ 12 ಇಟ್ಟರು, 9 ಉಳಿದವು. ಪೀರಿಯಡ್‌ನಿಂದಲೇ ಉಳಿದವು ಅಂತ ಹೇಳಲಾರೆ. ಅದರಲ್ಲಿ ಒಂದು ನಮ್ಮನೆ ಮೂಲೆಯಲ್ಲಿತ್ತು, ಅಮ್ಮ ಕಂಡು ವಾಪಸ್ ಕಳಿಸಿದ್ದು.

ಪಠ್ಯಕ್ರಮದ ಮೌಲ್ಯಮಾಪನ (ಪಾಠ ನಿಜಕ್ಕೂ ನಡೆಯಿತಾ, ಫಲ ಕೊಟ್ಟಿತಾ ಅಂತ ನೋಡುವುದು) ಅಂದರೆ ನನಗೆ ಆ ಡ್ರಮ್ಮೇ ನೆನಪಾಗುತ್ತದೆ. ಅಲ್ಲಿ ಗ್ರೇಡ್ ಬಿದ್ದದ್ದು ಶಾಲೆಗೆ, ಯಾವ ಹುಡುಗಿಗೂ ಅಲ್ಲ.

ಪೋಷಕರ ಸಭೆಯಲ್ಲಿ ‘ಬಿ’ಯನ್ನು ‘ಎ’ ಮಾಡಿ ಅಂತ ಜಗಳಕ್ಕೆ ನಿಲ್ಲಬೇಡಿ. ಈ ಮಳೆಗಾಲದಲ್ಲಿ ಮೌಲ್ಯದ ಕ್ಲಾಸ್ ಎಷ್ಟು ನಡೆದವು ಅಂತ ಕೇಳಿ. ಯಾವ ಸಂದರ್ಭ ನೋಡಿ ‘ಬಿ’ ಕೊಟ್ಟಿರಿ ಅಂತಲೂ ಕೇಳಿ. ಅದಕ್ಕೂ ಮೊದಲು ಮಗಳನ್ನೇ ಕೇಳಿ ನೋಡಿ, ಅವಳಿಗೆ ಗೊತ್ತಿರುತ್ತದೆ.