ಮರು: ಹತ್ತುವಾಗ ಸುಡದ ನೌಕೆ ಇಳಿಯುವಾಗ ಯಾಕೆ ಸುಡುತ್ತದೆ?

ಬಾಹ್ಯಾಕಾಶಕ್ಕೆ ಹತ್ತುವಾಗ ತಣ್ಣಗಿದ್ದ ನೌಕೆ ಭೂಮಿಗೆ ಇಳಿಯುವಾಗ ಯಾಕೆ ಕೆಂಡವಾಗುತ್ತದೆ, ಇಂಜಿನ್ ಹಾಕಿ ಮೆಲ್ಲಗೆ ಇಳಿಸಬಾರದಾ ಅಂತ ಕೇಳಿದ್ದೀರಿ ಸರ್.

ಹತ್ತುವಾಗ ದಟ್ಟ ಗಾಳಿಯಲ್ಲಿ ರಾಕೆಟ್ ಇನ್ನೂ ನಿಧಾನ. ನಿಜವಾದ ವೇಗ ಬರುವುದು ಗಾಳಿ ತೆಳುವಾದ ಮೇಲೆ. ವಾಪಸ್ ಬರುವಾಗ ಉಲ್ಟಾ. ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗದಲ್ಲೇ ಬಂದು ಗಾಳಿಗೆ ಬಡಿಯುತ್ತದೆ. ಆ ವೇಗದಲ್ಲಿ ಮೆಜೆಸ್ಟಿಕ್‌ನಿಂದ ಮೈಸೂರಿಗೆ 20 ಸೆಕೆಂಡ್ ಸಾಕು. (ಸಿಲ್ಕ್ ಬೋರ್ಡ್ ದಾಟೋಕೆ ನಮಗೆಷ್ಟು ಹೊತ್ತು ಬೇಕು, ಬಿಡಿ.)

ಘರ್ಷಣೆಯಿಂದಲೇ ಬಿಸಿ ಅಂತ ಜಾಸ್ತಿ ಜನ ಹೇಳುತ್ತಾರೆ. ಅದರ ಪಾಲು ಕಡಿಮೆ. ಸೈಕಲ್‌ಗೆ ಗಾಳಿ ಹೊಡೆದ ಮೇಲೆ ಪಂಪಿನ ತಳ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ನೌಕೆಯ ಮುಂದೆ ಆಗುವುದೂ ಅದೇ. ಅದಕ್ಕೇ ಗಾಳಿಗೆ ಎದುರಾಗುವ ನೌಕೆಯ ತಳ ಚೂಪಾಗಿರದೆ ಮೊಂಡಾಗಿರಬೇಕು. ಆಗ ಗಾಳಿ ತೀರಾ ಕಾಯುವ ಜಾಗ ಮೈಗೆ ಅಂಟದೆ ಸ್ವಲ್ಪ ಮುಂದೆಯೇ ನಿಲ್ಲುತ್ತದೆ. 1950ರ ದಶಕದ ಶುರುವಿನಲ್ಲಿ ಅಮೆರಿಕದ ಇಂಜಿನಿಯರ್ ಹ್ಯಾರಿ ಜೂಲಿಯನ್ ಅಲೆನ್ ಕಂಡುಕೊಂಡದ್ದು ಇದನ್ನೇ. ನಮ್ಮ ಗಗನಯಾನದ ಕೋಶದ ತಳವೂ ಮೊಂಡೇ.

ಇನ್ನು ಇಂಜಿನ್. ಅಷ್ಟೂ ವೇಗ ಇಳಿಸೋಕೆ ರಾಶಿ ಇಂಧನ ಬೇಕು, ಅದನ್ನು ಹೊತ್ತೊಯ್ಯೋಕೆ ಇನ್ನೂ ದೊಡ್ಡ ರಾಕೆಟ್. ಹಾಗಾಗಿ ಕಕ್ಷೆ ಬಿಡುವಷ್ಟು ಮಾತ್ರ ಇಂಜಿನ್ ಉರಿಸುತ್ತಾರೆ. ಮಿಕ್ಕಿದ್ದು ಗಾಳಿಯ ಕೆಲಸ, ಕೊನೆಗೆ ಪ್ಯಾರಾಚೂಟ್.