ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಈಜಿಪ್ಟಿನ ಅರಸರು, ಅರ್ಚಕರು, ಅಧಿಕಾರಿಗಳು

ಈ ಸಲ ಬಂದ ಪತ್ರಗಳಲ್ಲಿ ಪ್ರಾಚೀನ ಈಜಿಪ್ಟಿನ ಕಲೆ ಮತ್ತು ಗೋರಿಯ ವಸ್ತುಗಳ ಬಗೆಗಿನ ಪ್ರಶ್ನೆಗಳೇ ಹೆಚ್ಚು. ಆಯ್ದ ಎಂಟಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಈಜಿಪ್ಟಿನ ಗೋಡೆಚಿತ್ರಗಳಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಾರೆ. ರಾಜ ಯಾರು, ಅರ್ಚಕ ಯಾರು, ಅಧಿಕಾರಿ ಯಾರು ಅಂತ ಗುರುತಿಸೋದು ಹೇಗೆ? (ಧಾರವಾಡ)

ಮುಖ ಬಿಡಿ. ಹಣೆ, ಗದ್ದ, ಸೊಂಟ, ಕೈ ಈ ನಾಲ್ಕನ್ನು ನೋಡಿ.

ಹಣೆಯ ಮೇಲೆ ಹೆಡೆ ಎತ್ತಿದ ನಾಗ ಇದ್ದರೆ ರಾಜಮನೆತನದವರು ಅಥವಾ ದೇವರು. ಅದರ ಜೊತೆಗೆ ನೆಮೆಸ್ ಎಂಬ ಪಟ್ಟೆಪಟ್ಟೆ ತಲೆವಸ್ತ್ರ, ಸೊಂಟದ ಹಿಂದೆ ಇಳಿಬಿದ್ದ ಹೋರಿಯ ಬಾಲ ಕಂಡರೆ ಅವನು ರಾಜನೇ. ಗದ್ದಕ್ಕೆ ಕಟ್ಟಿದ ಗಡ್ಡ ನೇರವಾಗಿದ್ದರೆ ಬದುಕಿರುವ ಅರಸ. ತುದಿ ಮುಂದಕ್ಕೆ ಬಾಗಿದ್ದರೆ ದೇವರು, ಇಲ್ಲವೇ ಸತ್ತು ದೇವರಾದ ಅರಸ. ತುತಾಂಖಾಮುನ್‌ನ ಚಿನ್ನದ ಮುಖವಾಡದಲ್ಲಿರುವುದು ಈ ಬಾಗಿದ ಗಡ್ಡ.

ಅರ್ಚಕರಲ್ಲಿ ಸೆಮ್ ಎಂಬ ವರ್ಗದವರನ್ನು ಗುರುತಿಸುವುದು ಸುಲಭ. ಅವರು ಚಿರತೆಯ ಚರ್ಮ ಹೊದ್ದಿರುತ್ತಾರೆ, ಪಂಜ ಮತ್ತು ಬಾಲ ಸಮೇತ. ಎದೆಗೆ ಅಡ್ಡಲಾಗಿ ಬಿಳಿ ಪಟ್ಟಿ ಕಟ್ಟಿ, ಕೈಯಲ್ಲಿ ಪ್ಯಾಪಿರಸ್ ಸುರುಳಿ ಹಿಡಿದವನು ಮಂತ್ರ ಓದುವ ಅರ್ಚಕ. ಹೊಸ ಸಾಮ್ರಾಜ್ಯದ (ಕ್ರಿ.ಪೂ. ಸುಮಾರು 1550-1070) ಕಾಲದಿಂದ ಬೋಳುತಲೆಯ ಅರ್ಚಕರು ಹೆಚ್ಚಾಗಿ ಕಾಣಿಸುತ್ತಾರೆ.

ಅಧಿಕಾರಿಯ ಕೈಯಲ್ಲಿ ಉದ್ದ ಕೋಲು, ಇನ್ನೊಂದರಲ್ಲಿ ಸೆಖೆಮ್ ಎಂಬ ಚಿಕ್ಕ ದಂಡ. ವಜೀರನಾದರೆ ಕಂಕುಳಿನಿಂದ ಪಾದದವರೆಗೆ ಇಳಿಯುವ ಸಾದಾ ಉಡುಪು, ಕೊರಳಿಗೆ ಒಂದು ದಾರ. ಹೊಟ್ಟೆ, ಎದೆಯ ಮೇಲೆ ಕೊಬ್ಬಿನ ಮಡಿಕೆ ತೋರಿಸಿದ್ದರೆ ಅದು ಅವಹೇಳನವಲ್ಲ. ಹೊಲದಲ್ಲಿ ಬೆವರು ಸುರಿಸಬೇಕಿಲ್ಲದೆ ಕೂತು ಉಣ್ಣುವ ಸ್ಥಾನಕ್ಕೆ ಬಂದವನು ಎಂಬ ಹೆಮ್ಮೆ ಅದು. ಗೀಜಾದ ಮಹಾಪಿರಮಿಡ್ಡಿನ ಕೆಲಸ ನೋಡಿಕೊಂಡನೆಂದು ನಂಬಲಾದ ಹೆಮಿಯುನು ಎಂಬ ವಜೀರನ ಕೂತ ಶಿಲ್ಪ ಜರ್ಮನಿಯ ಹಿಲ್ಡೆಸ್‌ಹೈಮ್‌ನಲ್ಲಿದೆ. ಅದರ ಎದೆಯ ಮಾಂಸವನ್ನು ಶಿಲ್ಪಿ ಎಷ್ಟು ಗೌರವದಿಂದ ಕಡೆದಿದ್ದಾನೆ ನೋಡಿ.

ಒಂದು ಕಡೆ ಮಾತ್ರ ಮೋಸ ಹೋಗುವ ಸಾಧ್ಯತೆ ಇದೆ. ತುತಾಂಖಾಮುನ್‌ನ ಗೋರಿಯ ಗೋಡೆಯಲ್ಲಿ ಚಿರತೆ ಚರ್ಮ ಹೊದ್ದ ಒಬ್ಬನ ತಲೆಯ ಮೇಲೆ ನೀಲಿ ಕಿರೀಟವೂ ಇದೆ. ಅವನು ಮುಂದಿನ ಅರಸ ಆಯ್. ತೀರಿಕೊಂಡವನ ಬಾಯಿ ತೆರೆಸುವ ಕರ್ಮ ಮಾಡಬೇಕಾದವನು ಮಗ, ಅಂದರೆ ವಾರಸುದಾರ. ಅದನ್ನು ಮಾಡುತ್ತ ಆಯ್ ತಾನೇ ಉತ್ತರಾಧಿಕಾರಿ ಎಂದು ಗೋಡೆಯ ಮೇಲೆ ದಾಖಲಿಸಿಕೊಂಡಿದ್ದಾನೆ.

ಪ್ರಶ್ನೆ: ಕಾರ್ಟೂಷ್ ಎಂಬ ಉದ್ದುಂಡೆ ಚೌಕಟ್ಟಿನಲ್ಲಿ ರಾಜರ ಹೆಸರು ಇರುತ್ತದೆಯಂತೆ. ತುತಾಂಖಾಮುನ್‌ನ ಹೆಸರನ್ನು ಓದಲು ಹೋದರೆ ‘ಅಮುನ್’ ಮೊದಲು ಬರುತ್ತದೆ. ಯಾಕೆ? (ಶಿವಮೊಗ್ಗ)

ನೀವು ಸರಿಯಾಗಿಯೇ ಓದಿದ್ದೀರಿ. ದೇವರ ಹೆಸರನ್ನು ಗೌರವಕ್ಕಾಗಿ ಮೊದಲು ಬರೆಯುತ್ತಿದ್ದರು, ಆದರೆ ಉಚ್ಚರಿಸುವಾಗ ಅದರ ಜಾಗದಲ್ಲೇ ಉಚ್ಚರಿಸುತ್ತಿದ್ದರು. ನಮಗೆ ಇದು ಹೊಸದಾಗಬೇಕಿಲ್ಲ. ‘ಸೂರ್ಯ’ ಎಂದು ಬರೆಯುವಾಗ ಅರ್ಕಾವತ್ತು ಯಕಾರದ ನಂತರ ಬರುತ್ತದೆ, ನಾಲಿಗೆಯಲ್ಲಿ ಮಾತ್ರ ರಕಾರವೇ ಮುಂಚೆ. ನಮ್ಮದು ಲಿಪಿಯ ಅಭ್ಯಾಸ, ಅವರದು ಭಕ್ತಿ.

ಮೇಲಿನಿಂದ ಕೆಳಕ್ಕೆ ಬನ್ನಿ. ಮೊದಲು ಜೊಂಡಿನ ಎಲೆ, ಅದು ‘ಇ’. ಪಕ್ಕದಲ್ಲಿ ಹಲ್ಲುಹಲ್ಲಾಗಿ ಕಾಣುವುದು ಕಾಯಿಗಳಿಟ್ಟ ಆಟದ ಹಲಗೆ, ‘ಮ್ನ್’. ಅದರಡಿಯ ಅಂಕುಡೊಂಕು ಗೆರೆ ನೀರು, ‘ನ್’. ಮೂರೂ ಸೇರಿ ಅಮುನ್. ಅದರ ಕೆಳಗೆ ರೊಟ್ಟಿ, ಲಾವಕ್ಕಿ ಮರಿ, ಮತ್ತೆ ರೊಟ್ಟಿ: ತ್, ಉ, ತ್. ಪಕ್ಕದಲ್ಲಿ ಕುಣಿಕೆ ಇರುವ ಅಂಖ್. ಓದುವಾಗ ತುತ್-ಅಂಖ್-ಅಮುನ್, ಅಂದರೆ ಅಮುನನ ಜೀವಂತ ರೂಪ. ತಳದಲ್ಲಿರುವ ಕುರುಬನ ಕೊಕ್ಕೆಗೋಲು, ಕಂಬ, ಗಿಡ ಈ ಮೂರು ಹೆಸರಲ್ಲ, ಬಿರುದು: ‘ದಕ್ಷಿಣದ ಇಯುನು ನಗರದ ಒಡೆಯ’.

ಹೆಸರು ಎಡದಿಂದ ಶುರುವೋ ಬಲದಿಂದಲೋ ಎಂಬುದಕ್ಕೆ ಹಕ್ಕಿಯ ಮುಖ ನೋಡಿ. ಅದು ಯಾವ ಕಡೆ ನೋಡುತ್ತಿದೆಯೋ ಆ ಕಡೆಯಿಂದ ಓದಬೇಕು. ಕಾರ್ಟೂಷ್ ಎರಡಿದ್ದರೆ, ಮೇಲೆ ಗಿಡ ಮತ್ತು ಜೇನ್ನೊಣ ಇರುವುದು ಪಟ್ಟದ ಹೆಸರು, ಬಾತು ಮತ್ತು ಸೂರ್ಯ ಇರುವುದು ಹುಟ್ಟಿನ ಹೆಸರು. ಅರ್ಚಕ, ಅಧಿಕಾರಿಗಳಿಗೆ ಕಾರ್ಟೂಷ್ ಇಲ್ಲ. ಅವರ ಹೆಸರು ಬೇಕಾದರೆ ‘ಮಾಆ ಖೆರು’ ಎಂಬ ಮಾತು ಹುಡುಕಿ, ‘ನುಡಿಯಲ್ಲಿ ಸತ್ಯವಂತ’ ಎಂದರ್ಥ. ತೀರಿಕೊಂಡವರ ಹೆಸರು ಅದಕ್ಕೆ ಸ್ವಲ್ಪ ಮುಂಚೆಯೇ ಇರುತ್ತದೆ.

ಪ್ರಶ್ನೆ: ತಲೆ ಪಕ್ಕಕ್ಕೆ, ಭುಜ ಎದುರಿಗೆ. ಅವರಿಗೆ ಸರಿಯಾಗಿ ಬಿಡಿಸಲು ಬರುತ್ತಿರಲಿಲ್ಲವೇ? (ಮಂಡ್ಯ)

ಬರುತ್ತಿತ್ತು. ಚಿತ್ರದಲ್ಲಿ ಕಾಣದ ಅಂಗ ಪರಲೋಕದಲ್ಲಿ ಕೆಲಸಕ್ಕೂ ಬರುವುದಿಲ್ಲ ಎಂಬ ನಂಬಿಕೆ ಅವರದು. ಹಾಗಾಗಿ ಪ್ರತಿ ಅಂಗವನ್ನೂ ಅದು ಅತ್ಯಂತ ಪೂರ್ಣವಾಗಿ ಕಾಣುವ ಕಡೆಯಿಂದ ಬರೆದರು.

ಅಳತೆಯಂತೂ ಕರಾರುವಾಕ್ಕು. ಬಡಗಿಗಳು ಈಗಲೂ ಬಣ್ಣದ ನೂಲನ್ನು ಎಳೆದು ಮರದ ಮೇಲೆ ಮಿಡಿದು ಗೆರೆ ಹಾಕುತ್ತಾರಲ್ಲ, ಅದೇ ರೀತಿ ಕೆಮ್ಮಣ್ಣಲ್ಲಿ ಅದ್ದಿದ ದಾರದಿಂದ ಗೋಡೆಯ ತುಂಬ ಚೌಕ ಹಾಕುತ್ತಿದ್ದರು. ನಿಂತ ವ್ಯಕ್ತಿಗೆ ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಚೌಕ: ಮೊಣಕಾಲು 6ರಲ್ಲಿ, ಭುಜ 16ರಲ್ಲಿ. ಕೂತವರಿಗೆ 14. ಕೊನೆಯ ರಾಜವಂಶಗಳ ಹೊತ್ತಿಗೆ ಲೆಕ್ಕ ಬದಲಾಗಿ ಕಣ್ಣಿನ ಮೇಲ್ರೆಪ್ಪೆಯವರೆಗೆ 21 ಆಯಿತು. ಕೆಂಪಿನಲ್ಲಿ ಕರಡು, ಮೇಲಧಿಕಾರಿಯ ತಿದ್ದುಪಡಿ ಕಪ್ಪಿನಲ್ಲಿ. ರಾಜರ ಕಣಿವೆಯಲ್ಲಿ ಹೊರೆಮ್ಹೆಬ್‌ನ ಗೋರಿ ಅರ್ಧಕ್ಕೇ ನಿಂತದ್ದರಿಂದ ಎರಡೂ ಗೆರೆಗಳು ಅಲ್ಲಿ ಹಾಗೇ ಉಳಿದಿವೆ. ಕಣಿವೆಗೆ ಹೋದವರು ದಯವಿಟ್ಟು ಅದನ್ನು ಬಿಟ್ಟು ಬರಬೇಡಿ.

ಪ್ರಶ್ನೆ: ನಾವು ಕುಂಬಾರಿಕೆ ಕಲಿತವರು. ಈಜಿಪ್ಟಿನ ನೀಲಿ ಫೇಯನ್ಸ್ ಮಣಿ ಮಾಡಲು ಹೋದೆವು. ಒಂದು ಬದಿ ಚೆನ್ನಾಗಿ ಹೊಳೆಯುತ್ತದೆ, ಇನ್ನೊಂದು ಬದಿ ಬಿಳಿಚಿಕೊಂಡು ಒರಟಾಗಿದೆ. ಏನು ತಪ್ಪಾಗಿದೆ? (ಖಾನಾಪುರ)

ಒಣಗಿಸುವಾಗ ಮಣಿಗಳನ್ನು ಹಲಗೆ ಮೇಲೆ ಇಟ್ಟಿದ್ದೀರಿ, ಅಥವಾ ಒಣಗಿದ ಮೇಲೆ ಬೆರಳಲ್ಲಿ ಮುಟ್ಟಿದ್ದೀರಿ. ತೊಂದರೆಯ ಮೂಲ ಇವೆರಡರಲ್ಲಿ ಒಂದು.

ಫೇಯನ್ಸ್ ಎಂಬುದು ಜೇಡಿಮಣ್ಣಲ್ಲ. ಹಳೆಯ ವಸ್ತುಗಳನ್ನು ಪರೀಕ್ಷಿಸಿದರೆ ನೂರಕ್ಕೆ 92ರಿಂದ 99 ಪಾಲು ಪುಡಿಮಾಡಿದ ಬೆಣಚುಕಲ್ಲೇ ಸಿಗುತ್ತದೆ. ಉಳಿದದ್ದು ಸ್ವಲ್ಪ ಸುಣ್ಣ, ಸ್ವಲ್ಪ ಕ್ಷಾರ, ಬಣ್ಣಕ್ಕೆ ತಾಮ್ರ. ಕಲಸಿದ ಮುದ್ದೆ ಒಣಗುತ್ತ ಹೋದಂತೆ ನೀರಿನ ಜೊತೆ ಕ್ಷಾರವೂ ಮೇಲಕ್ಕೆ ಬಂದು ಬಿಳಿ ಉಪ್ಪಿನ ಪೊರೆಯಾಗಿ ಕೂರುತ್ತದೆ. ಹಳೇ ಗೋಡೆಗೆ ಲೋಣಿ ಹಿಡಿಯುವ ಹಾಗೆ. ಒಲೆಯಲ್ಲಿ ಕರಗಿ ಗಾಜಾಗುವುದು ಆ ಪೊರೆ. ಗಾಳಿ ತಾಗದ ಬದಿಗೆ ಉಪ್ಪು ಬರುವುದೇ ಇಲ್ಲ. ಬಂದದ್ದನ್ನು ಬೆರಳು ಒರೆಸಿದರೆ ಅಲ್ಲಿ ಗಾಜೂ ಇಲ್ಲ, ಬಣ್ಣವೂ ಇಲ್ಲ.

ಶುದ್ಧ ಪ್ರಾಚೀನ ಮುದ್ದೆ ಕೈಗೆ ಪುಡಿಪುಡಿಯಾಗುತ್ತದೆ, ಹಾಗಾಗಿ ಹೊಸದಾಗಿ ಕೈಹಾಕುವವರು ಇಂದಿನ ಕುಂಬಾರರು ಬಳಸುವ ಮಿಶ್ರಣದಿಂದ ಶುರು ಮಾಡಲಿ. ತೂಕದಲ್ಲಿ ಫೆಲ್ಡ್‌ಸ್ಪಾರ್ 40, ಬೆಣಚು ಪುಡಿ 20, ಕೇಯೋಲಿನ್ 15, ನುಣ್ಣನೆಯ ಬಿಳಿ ಮರಳು 8, ಅಡುಗೆ ಸೋಡಾ 6, ಸೋಡಾ ಆಶ್ 6, ಸುಣ್ಣಕಲ್ಲಿನ ಪುಡಿ 5. ಈ ನೂರಕ್ಕೆ ತಾಮ್ರದ ಕಾರ್ಬೊನೇಟ್ 3. ನೀರು ಸ್ವಲ್ಪ ಸ್ವಲ್ಪವೇ ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಅವತ್ತೇ ಬಳಸಿ. ತೂತು ಮಾಡಿದ ಕೂಡಲೇ ಮಣಿಗಳನ್ನು ನಿಕ್ರೋಮ್ ತಂತಿಗೆ ಪೋಣಿಸಿ, ಒಂದಕ್ಕೊಂದು ತಾಗದಂತೆ ಗಾಳಿಯಾಡುವ ಕಡೆ ತೂಗುಹಾಕಿ. ಆಮೇಲೆ ತಂತಿಯ ತುದಿ ಹಿಡಿದೇ ಒಲೆಗೆ ಸಾಗಿಸಬೇಕು.

ಸುಡುವ ಶಾಖ ಸುಮಾರು 940 ಡಿಗ್ರಿ ಸೆಲ್ಸಿಯಸ್. ಕಡಿಮೆಯಾದರೆ ಮೇಲ್ಮೈ ಸಪ್ಪೆ, ಜಾಸ್ತಿಯಾದರೆ ಮಣಿ ಕುಸಿದು ತಂತಿಗೆ ಅಂಟಿಕೊಳ್ಳುತ್ತದೆ. ಬೆಣಚಿನ ಧೂಳು ಶ್ವಾಸಕೋಶಕ್ಕೆ ಅಪಾಯ, ಒಣಪುಡಿ ಬೆರೆಸುವಾಗ ಎನ್95 ಮುಖಗವಸು ಬೇಕೇ ಬೇಕು. ಸೋಡಾ ಆಶ್ ಚರ್ಮ ಸುಡುತ್ತದೆ, ಕೈಗವಸು ಹಾಕಿ. ತಾಮ್ರ ಸೇರಿದ್ದರಿಂದ ಇದರಲ್ಲಿ ಲೋಟ, ಬಟ್ಟಲು ಮಾಡಬೇಡಿ.

ಈಜಿಪ್ಟಿನವರು ಇದಕ್ಕೆ ಇಟ್ಟ ಹೆಸರು ‘ತ್ಜೆಹೆನೆತ್’, ಹೊಳೆಯುವಂಥದ್ದು. ನಿಮ್ಮ ಮಣಿಯ ಆ ಒಂದು ಬದಿಯಲ್ಲಿ ಬಂದಿರುವ ಹೊಳಪು ಅದೇ. ಹಾಗಾಗಿ ಪಾಕ ಬದಲಿಸಲು ಹೋಗಬೇಡಿ, ಒಣಗಿಸುವ ರೀತಿ ಬದಲಿಸಿದರೆ ಸಾಕು.

ಪ್ರಶ್ನೆ: ಗೋರಿಗಳಲ್ಲಿ ಸಿಗುವ ಶಬ್ತಿ ಗೊಂಬೆಗಳ ಸಂಖ್ಯೆಗೆ ಲೆಕ್ಕ ಇತ್ತೇ? (ಬಳ್ಳಾರಿ)

ಇತ್ತು. ತುತಾಂಖಾಮುನ್‌ಗೆ 413 ಶಬ್ತಿಗಳು. ದಿನಕ್ಕೊಬ್ಬ ಆಳಿನಂತೆ 365, ಹತ್ತು ಜನರ ತಂಡಕ್ಕೊಬ್ಬ ಮೇಸ್ತ್ರಿಯಂತೆ 36, ತಿಂಗಳಿಗೊಬ್ಬ ಮೇಲ್ವಿಚಾರಕನಂತೆ 12. ಮುಂದಿನ ಶತಮಾನಗಳಲ್ಲಿ ಅರ್ಚಕರ ಗೋರಿಗಳಲ್ಲಿ 365 ಆಳು, 36 ಮೇಸ್ತ್ರಿ ಸೇರಿ 401ರ ಗುಂಪು ರೂಢಿಗೆ ಬಂತು. ಮೈಮೇಲೆ ಬರೆದಿರುವುದು ಮೃತರ ಪುಸ್ತಕದ 6ನೇ ಮಂತ್ರ. ಪರಲೋಕದಲ್ಲಿ ಹೊಲ ಉಳಲು, ನೀರು ಹಾಯಿಸಲು, ಮರಳು ಹೊರಲು ಯಜಮಾನನ ಹೆಸರು ಕೂಗಿದರೆ ‘ಇಗೋ ಬಂದೆ’ ಎಂದು ಗೊಂಬೆ ಓಗೊಡಬೇಕು. ಕೈಯಲ್ಲಿ ಗುದ್ದಲಿ, ಬೆನ್ನಿಗೆ ಬುಟ್ಟಿ ಇದ್ದರೆ ಆಳು. ಮುಂದಕ್ಕೆ ಚಾಚಿದ ಮಡಿಕೆಯ ಪಂಚೆಯುಟ್ಟು ಚಾಟಿ ಹಿಡಿದಿದ್ದರೆ ಮೇಸ್ತ್ರಿ.

ಪ್ರಶ್ನೆ: ಶಿಲ್ಪಗಳ ಮೂಗು ಯಾಕೆ ಮುರಿದಿರುತ್ತದೆ? (ಮೈಸೂರು)

ಬಿದ್ದರೆ ಮೊದಲು ಮುರಿಯುವುದು ಮೂಗೇ, ನಿಜ. ಆದರೆ ಗೋಡೆಯ ಉಬ್ಬುಶಿಲ್ಪ ಬೀಳುವುದಿಲ್ಲವಲ್ಲ? ಅಲ್ಲೂ ಮೂಗೊಂದೇ ಹೋಗಿದ್ದರೆ ಉಳಿಯ ಕೆಲಸ ಎಂದೇ ತಿಳಿಯಬೇಕು. ಬಾಯಿ ತೆರೆಸುವ ಕರ್ಮದಿಂದ ಶಿಲ್ಪಕ್ಕೆ ಉಸಿರು ಬರುತ್ತದೆ ಎಂದು ನಂಬಿದವರು, ಆ ಉಸಿರು ನಿಲ್ಲಿಸಲು ಮೂಗನ್ನೇ ಹೊಡೆಯುತ್ತಾರೆ.

ಎಲ್ಲ ಮುರಿತವೂ ದ್ವೇಷದ್ದಲ್ಲ ಎಂಬುದನ್ನೂ ಹೇಳಬೇಕು. ದೇರ್ ಅಲ್ ಬಹ್ರಿಯಲ್ಲಿ 1920ರ ದಶಕದಲ್ಲಿ ರಾಣಿ ಹತ್ಶೆಪ್ಸುತ್‌ಳ ಶಿಲ್ಪಗಳು ತುಂಡುತುಂಡಾಗಿ ಹೂತು ಸಿಕ್ಕಾಗ, ಅವಳ ನಂತರ ಆಳಿದ ಮೂರನೇ ತುತ್ಮೋಸ್‌ನ ಸಿಟ್ಟಿನ ಗುರುತು ಎಂದೇ ಓದಲಾಯಿತು. 2025ರಲ್ಲಿ ಪ್ರಕಟವಾದ ಅಧ್ಯಯನ ಹಳೆಯ ಉತ್ಖನನ ದಾಖಲೆಗಳನ್ನು ಮತ್ತೆ ನೋಡಿತು. ಹಲವು ಶಿಲ್ಪಗಳ ಮುಖ ಹಾಗೇ ಉಳಿದಿದೆ, ಒಡೆದಿರುವುದು ಕತ್ತು, ಸೊಂಟ, ಮಂಡಿಗಳಲ್ಲಿ. ಅದು ಅರಸರ ಶಿಲ್ಪದ ಶಕ್ತಿ ತೆಗೆಯುವ ಕ್ರಮ, ಬೇರೆ ಅರಸರ ಶಿಲ್ಪಗಳಿಗೂ ಮಾಡಿದ್ದೇ. ಭಗ್ನ ಮೂರ್ತಿಗೆ ಪೂಜೆ ನಿಲ್ಲಿಸಿ ವಿಸರ್ಜಿಸುವ ನಾಡಿನವರಿಗೆ ಈ ವಿವರಣೆ ಬೇಗ ಹಿಡಿಸುತ್ತದೆ. ಅವಳ ಹೆಸರು ಕೆತ್ತಿ ತೆಗೆದದ್ದು, ಗೋಡೆಗಳಿಂದ ಅವಳ ಚಿತ್ರ ಅಳಿಸಿದ್ದು ಮಾತ್ರ ಬೇರೆ ವಿಷಯ. ಅದು ಅವಳನ್ನೇ ಗುರಿಯಾಗಿಸಿ ಮಾಡಿದ್ದು.

ಪ್ರಶ್ನೆ: ಚಿನ್ನದ ಮುಖವಾಡದ ಗಡ್ಡ ಕಳಚಿ ಅಂಟಿಸಿದ್ದರಂತೆ. ಅಂಟು ಹಾಕಿದರೆ ತಪ್ಪೇನು? (ಹಾಸನ)

ತಪ್ಪು ಅಂಟಿಸಿದ್ದರಲ್ಲಿಲ್ಲ, ಅಂಟಿನಲ್ಲಿದೆ. 54 ಸೆಂಟಿಮೀಟರ್ ಎತ್ತರ, ಹತ್ತು ಕಿಲೋಗೂ ಮೀರಿದ ತೂಕದ ಆ ಮುಖವಾಡದ ಗಡ್ಡ 2014ರಲ್ಲಿ ಕಳಚಿದಾಗ ಎಪಾಕ್ಸಿ ಬಳಸಿದರು. ಅದು ಗಟ್ಟಿಯಾದ ಮೇಲೆ ಕರಗಿಸಿ ತೆಗೆಯುವುದು ಬಲು ಕಷ್ಟ, ಕೆರೆದರೆ ಚಿನ್ನಕ್ಕೆ ಗೀರು. ಹಳೆಯ ವಸ್ತುವಿಗೆ ಏನೇ ಹಚ್ಚಿದರೂ ನಾಳೆ ಬಿಡಿಸಲು ಬರಬೇಕು, ಇದು ಸಂರಕ್ಷಣೆಯ ಮೊದಲ ಪಾಠ. 2015ರಲ್ಲಿ ಜರ್ಮನ್-ಈಜಿಪ್ಟ್ ತಜ್ಞರ ತಂಡ ಹದವಾಗಿ ಬಿಸಿಮಾಡಿ, ಮರದ ಕಡ್ಡಿಗಳಿಂದ ಎಪಾಕ್ಸಿ ಬಿಡಿಸಿ, ಜೇನುಮೇಣದಿಂದ ಗಡ್ಡವನ್ನು ಮತ್ತೆ ಕೂರಿಸಿತು.

ಪ್ರಶ್ನೆ: ಲಕ್ಸರ್‌ನಲ್ಲಿ ‘ಅಸಲಿ ಹಳೇದು’ ಅಂತ ಜೀರುಂಡೆ ತಾಯಿತ ಮಾರುತ್ತಾರೆ. ಕೊಳ್ಳಬಹುದೇ? ನಮ್ಮ ಕಡೆ ನಿಜವಾದದ್ದನ್ನು ಎಲ್ಲಿ ನೋಡಬಹುದು? (ಕಲಬುರಗಿ)

ಹೊಸದು ಎಂದು ತಿಳಿದೇ, ಹೊಸದರ ಬೆಲೆಗೆ ಕೊಳ್ಳಿ. ಅಸಲಿಯೇ ಆಗಿದ್ದರೆ 1983ರ 117ನೇ ಕಾಯ್ದೆಯ ಪ್ರಕಾರ ಅದರ ಮಾರಾಟ, ಸಾಗಣೆ ಎರಡೂ ಅಪರಾಧ. ವಿಮಾನನಿಲ್ದಾಣದಲ್ಲಿ ಸಿಕ್ಕಿಬೀಳುವವರು ನೀವು. ಹಳೆಯವು ಹೆಚ್ಚಾಗಿ ಬಳಪದ ಕಲ್ಲಿನಲ್ಲಿ ಕೊರೆದು, ಮೆರುಗು ಹಚ್ಚಿ ಸುಟ್ಟವು. ಉಗುರಿಗೆ ಗೀರುಬೀಳುವ ಕಲ್ಲು ಸುಟ್ಟ ಮೇಲೆ ಗಡುಸಾಗುತ್ತದೆ. ನಕಲಿಯಲ್ಲಿ ದಾರದ ತೂತಿನ ಅಂಚು ಚೂಪಾಗಿಯೇ ಇರುತ್ತದೆ, ಅಡಿಯ ಅಕ್ಷರಗಳು ಅರ್ಥವಿಲ್ಲದ ಜೋಡಣೆ. ಹಾಗೆಂದು ತೂತು ಸವೆದಿದ್ದರೆ ಹಳೆಯದು ಎಂದೇನೂ ಅಲ್ಲ, ಸವೆಸುವುದೂ ಅವರಿಗೆ ಗೊತ್ತು.

ನಿಮಗೆ ಹತ್ತಿರ ಹೈದರಾಬಾದ್. ಅಲ್ಲಿನ ಪಬ್ಲಿಕ್ ಗಾರ್ಡನ್ಸ್‌ನ ರಾಜ್ಯ ವಸ್ತುಸಂಗ್ರಹಾಲಯದಲ್ಲಿ ನಿಜಾಮರ ಕಾಲದಲ್ಲಿ ಬಂದ ಮಮ್ಮಿ ಇದೆ. ಜೈಪುರದ ಆಲ್ಬರ್ಟ್ ಹಾಲ್‌ನಲ್ಲಿರುವುದು ಅಖ್ಮಿಮ್‌ನ ಅರ್ಚಕ ಮನೆತನದ ತುತು ಎಂಬ ಹೆಣ್ಣುಮಗಳ ಮಮ್ಮಿ. 2020ರ ಆಗಸ್ಟ್‌ನಲ್ಲಿ ಮಳೆನೀರು ಒಳನುಗ್ಗಿದಾಗ ಅದನ್ನು ಪೆಟ್ಟಿಗೆಯಿಂದ ಎತ್ತಿ ಉಳಿಸಿದರು. ನೋಡಲು ಹೋದಾಗ ಫ್ಲ್ಯಾಷ್ ಬಳಸಬೇಡಿ, ಗಾಜಿನ ಮೇಲೆ ಕೈ ಊರಬೇಡಿ.