ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಗೆ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸುವ ಕೋಡ್) ಪ್ಯಾಕೇಜ್ ಮಾಡುವಾಗ ಸಿಂಬಲ್ಸ್ ಫೈಲ್ ಯಾಕೆ ಬೇಕು?

ಲೈಬ್ರರಿಯ ಯಾವ ಫಂಕ್ಷನ್ ಯಾವ ಆವೃತ್ತಿಯಲ್ಲಿ ಮೊದಲು ಬಂತು ಅಂತ ಬರೆದಿಡೋಕೆ. ಆ ಲೆಕ್ಕ ಇದ್ದರೆ, ಲೈಬ್ರರಿ ಬಳಸುವ ಪ್ರೋಗ್ರಾಂ ಸುಮ್ನೆ ಹೊಸ ಆವೃತ್ತಿ ಕೇಳುವುದಿಲ್ಲ.

ಶಿವಮೊಗ್ಗದಲ್ಲಿ ನೀವು ಗೆಳೆಯರೆಲ್ಲ ಸೇರಿ ಕನ್ನಡ ಅಕ್ಷರ ಎಣಿಸುವ ಲೈಬ್ರರಿ ಮಾಡಿದ್ದೀರಿ ಅಂದುಕೊಳ್ಳಿ. ಫೈಲಿನಲ್ಲಿ ಒಂದು ಸಾಲು ಹೀಗಿರುತ್ತದೆ: ಅಕ್ಷರ_ಎಣಿಸು@ಬೇಸ್ 1.2. ಮೊದಲಿನದು ಫಂಕ್ಷನ್ ಹೆಸರು, ಬೇಸ್ ಅಂದರೆ ಆ ಹೆಸರಿಗೆ ಲೈಬ್ರರಿಯೊಳಗೆ ಬೇರೆ ಆವೃತ್ತಿ ಗುರುತಿಲ್ಲ ಅಂತ, 1.2 ಅದು ಮೊದಲು ಬಂದ ಆವೃತ್ತಿ. ಈಗ ಲೈಬ್ರರಿ 1.6ಕ್ಕೆ ಬಂದಿದೆ. ಈ ಫಂಕ್ಷನ್ ಮಾತ್ರ ಬಳಸುವ ಪ್ರೋಗ್ರಾಂ ಪ್ಯಾಕೇಜ್ ಮಾಡುವಾಗ, ಅದಕ್ಕೆ ಬೇಕಾದ ಲೈಬ್ರರಿಗಳನ್ನು ಲೆಕ್ಕ ಹಾಕುವ ಡಿಪಿಕೆಜಿ-ಶ್ಲಿಬ್‌ಡೆಪ್ಸ್ ಟೂಲ್ ಈ ಸಾಲು ನೋಡಿ, 1.2 ಅಥವಾ ಅದಕ್ಕಿಂತ ಮೇಲಿನದು ಸಾಕು ಎಂದು ದಾಖಲಿಸುತ್ತದೆ. ಹಲವು ಫಂಕ್ಷನ್ ಬಳಸಿದ್ದರೆ ಅವುಗಳಲ್ಲಿ ದೊಡ್ಡ ಸಂಖ್ಯೆ. ಆಗುಂಬೆ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗದಿದ್ದರೂ, 1.3 ಇರುವವರು ಲೈಬ್ರರಿಯನ್ನು ಮತ್ತೆ ಇಳಿಸಿಕೊಳ್ಳಬೇಕಿಲ್ಲ.

ಹೊಸ ಆವೃತ್ತಿ ಬಂದಾಗಲೆಲ್ಲ, ಸಿಂಬಲ್ಸ್ ಫೈಲನ್ನು ಲೈಬ್ರರಿಯೊಂದಿಗೆ ಹೋಲಿಸುವ ಡಿಪಿಕೆಜಿ-ಜೆನ್‌ಸಿಂಬಲ್ಸ್ ಟೂಲ್ ತೋರಿಸುವ ವ್ಯತ್ಯಾಸ ಓದಿ. ಹೊಸ ಸಾಲಿಗೆ 1.6-1 ಬೇಡ (-1 ಅನ್ನುವುದು ಡೆಬಿಯನ್ ಪ್ಯಾಕೇಜಿನ ಪರಿಷ್ಕರಣೆ ಸಂಖ್ಯೆ), ಬರೀ 1.6 ಸಾಕು. ಇಲ್ಲವಾದರೆ ಹಳೆಯ ಡೆಬಿಯನ್‌ಗಾಗಿ ಕಟ್ಟಿದ ಬ್ಯಾಕ್‌ಪೋರ್ಟ್ ಪ್ಯಾಕೇಜ್ ಹೊಂದುವುದಿಲ್ಲ, ಅದರ ಸಂಖ್ಯೆ 1.6-1ಕ್ಕಿಂತ ಚಿಕ್ಕದೆಂದೇ ಲೆಕ್ಕ. ಇದ್ದ ಸಿಂಬಲ್ (ಇಲ್ಲಿ ಫಂಕ್ಷನ್ ಹೆಸರು) ಕಾಣೆಯಾಗಿ ಬಿಲ್ಡ್, ಅಂದರೆ ಪ್ಯಾಕೇಜ್ ಕಟ್ಟುವ ಕೆಲಸ, ನಿಂತರೆ, ಸಾಲು ಅಳಿಸಿ ಮುಂದೆ ಹೋಗಬೇಡಿ. ಹೊರಗಿನ ಪ್ರೋಗ್ರಾಂಗಳು ಅದನ್ನು ಬಳಸುತ್ತಿದ್ದವು ಅಂದರೆ ಅವು ಮುರಿಯುತ್ತವೆ. ಆಗ ಸೋನೇಮ್, ಅಂದರೆ ಲೈಬ್ರರಿಯ ಒಳಗಿನ ಗುರುತಿನ ಹೆಸರು, ಬದಲಾಗಲೇಬೇಕು. ಪ್ಯಾಕೇಜಿನ ಹೆಸರೂ ಅಷ್ಟೇ.

ಜಾಸ್ತಿ ಎಚ್ಚರ ಬೇಕಿರುವುದು ಇಲ್ಲಿ: ಹೆಸರು ಅದೇ ಇದ್ದು ಕೆಲಸ ಬದಲಾದರೆ ಟೂಲ್‌ಗೆ ಗೊತ್ತಾಗುವುದಿಲ್ಲ. 1.6ರಲ್ಲಿ ಅಕ್ಷರ_ಎಣಿಸು ಹೊಸ ಆಯ್ಕೆಯೊಂದನ್ನು ಒಪ್ಪತೊಡಗಿದರೆ, ಆ ಸಾಲಿನ 1.2 ಅನ್ನು ನೀವೇ ಕೈಯಾರೆ 1.6 ಮಾಡಬೇಕು.